ದೋನ್ ಅವರ ಮುಖವಾಡದ ಲಾಡಿ

ಕೆನಡಾದಲ್ಲಿ ನಾನು ಮೊದಲು ಸ್ನಾನ ಮಾಡಿಸಿದ ಮುದುಕರಿಗೆ ನಮ್ಮಪ್ಪನ ಕಿವಿಗಳಿದ್ದವು. ಪಿಕರಿಂಗ್‌ನ ಒಂದು ಟೌನ್‌ಹೌಸಿನ ಬಚ್ಚಲಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ ಆ ಮೆಕ್ಸಿಕೋದ ಅಜ್ಜನ ತಲೆಯ ಮೇಲೆ ನೀರು ಬಿಟ್ಟೆ. ನೊರೆ ಇಳಿಯಿತು, ಕಿವಿಗಳು ಕಂಡವು. ಒಣಗಿದ ಅಂಜೂರದ ಹಾಗೆ ಮುದುಡಿ ಗಟ್ಟಿಯಾದ, ಒಳಗಿನ ಸುರುಳಿಯೆಲ್ಲ ಮುಚ್ಚಿಹೋದ ಕಿವಿಗಳು. ಗೋಕಾಕದ ಕಡೆಯ ನಮ್ಮೂರಲ್ಲಿ ಇಂಥ ಕಿವಿ ಕಂಡರೆ ಏನು ಕೆಲಸ ಎಂದು ಯಾರೂ ಕೇಳುವುದಿಲ್ಲ. ಪೈಲ್ವಾನ ಬಂದ ಎಂದು ದಾರಿ ಬಿಡುತ್ತಾರೆ. ನಾನು ಶವರು ಹಿಡಿದುಕೊಂಡು ಹಾಗೇ ನಿಂತೆ. ನೀರು ನನ್ನ ಪ್ಯಾಂಟಿನ ಮೇಲೆ ಸುರಿಯುತ್ತಿತ್ತು.

"ಕುಸ್ತಿ?" ಎಂದು ಕನ್ನಡದಲ್ಲೇ ಕೇಳಿಬಿಟ್ಟೆ. ಆಮೇಲೆ ಎರಡೂ ಕೈ ಹೆಣೆದು ತೋರಿಸಿದೆ.

ಅಜ್ಜ ಬಹಳ ಹೊತ್ತು ನನ್ನನ್ನೇ ನೋಡಿದರು. "ಇಲ್ಲ," ಎಂದರು. "ನಾನು ಬಡಗಿ."

ಬಡಗಿಯ ಕಿವಿ ಹೀಗಾಗಬೇಕಾದರೆ ಅದೆಂಥ ಮರ ಕೊಯ್ದಿರಬೇಕು ಎಂದು ಮನಸ್ಸಿನಲ್ಲೇ ನಕ್ಕೆ. ಆದರೆ ಹೊಸ ಕೆಲಸ, ಮೊದಲ ವಾರ. ಬಾಯಿ ಮುಚ್ಚಿಕೊಂಡು ಅವರ ಬೆನ್ನು ಒರೆಸಿದೆ.

ನನ್ನ ಕೆಲಸಕ್ಕೆ ಇಲ್ಲಿ ಪಿ.ಎಸ್.ಡಬ್ಲ್ಯೂ. ಎನ್ನುತ್ತಾರೆ. ಮನೆಮನೆಗೆ ಹೋಗಿ, ಕೈಲಾಗದವರಿಗೆ ಸ್ನಾನ ಮಾಡಿಸಿ, ಬಟ್ಟೆ ತೊಡಿಸಿ, ಮಾತ್ರೆ ನೆನಪಿಸಿ, ನಾಲ್ಕು ಮಾತಾಡಿ ಬರುವ ಕೆಲಸ. ಊರಲ್ಲಿ ನಾನು ಹೈಸ್ಕೂಲಿನ ವಿಜ್ಞಾನದ ಟೀಚರು. ಇಲ್ಲಿ ಆ ಸರ್ಟಿಫಿಕೇಟುಗಳು ಟ್ರಂಕಿನಲ್ಲಿ ಬೆಚ್ಚಗಿವೆ. ನಮ್ಮವರು ಒಂದು ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾರೆ. ವಿಟ್ಬಿಯಲ್ಲಿ ಒಂದು ಗುಜರಾತಿ ಕುಟುಂಬದ ಮನೆಯ ಬೇಸ್‌ಮೆಂಟಿನಲ್ಲಿ ನಾವಿರುವುದು. ಕಿಟಕಿ ಇರುವುದು ಹೊರಗಿನ ನೆಲದ ಮಟ್ಟಕ್ಕೆ. ಚಳಿಗಾಲದಲ್ಲಿ ಅದರ ತುಂಬ ಹಿಮ, ಬೇಸಿಗೆಯಲ್ಲಿ ದಾರಿಯಲ್ಲಿ ಹೋಗುವವರ ಬೂಟುಗಳು. ಮೊದಲ ವರ್ಷ ನಾನು ನೆರೆಹೊರೆಯವರನ್ನೆಲ್ಲ ಬೂಟಿನಿಂದಲೇ ಗುರುತು ಹಿಡಿಯುತ್ತಿದ್ದೆ. ನನ್ನನ್ನಂತೂ ಯಾರೂ ಗುರುತು ಹಿಡಿಯುತ್ತಿರಲಿಲ್ಲ. ಊರಲ್ಲಿ ಕೊತ್ತಂಬರಿ ತರಲು ಹೊರಟರೂ "ಪೈಲ್ವಾನರ ಮಗಳಲ್ಲೇನು" ಎಂದು ನಾಲ್ಕು ಜನ ನಿಲ್ಲಿಸುತ್ತಿದ್ದರು. ಇಲ್ಲಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರೂ ನನ್ನ ಮುಖ ನೋಡದೆ ಇಳಿದು ಹೋಗುತ್ತಾರೆ. ಅದು ಇಲ್ಲಿಯವರ ಮರ್ಯಾದೆ ಎಂದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ಅಲ್ಲಿಯವರೆಗೆ ಸುಮ್ಮನೆ ಅಳುತ್ತಿದ್ದೆ.

ಅಜ್ಜನ ಮನೆಗೆ ವಾರಕ್ಕೆ ನಾಲ್ಕು ದಿನ. ಅವರನ್ನು ಹೆಸರು ಹಿಡಿದು ಕರೆಯಲು ನನಗೆ ಬಾಯಿ ಬರಲಿಲ್ಲ. ಅವರ ಮಗಳು ಲೂಪೆ, "ದೋನ್ ಅಂತ ಕರೆಯಿರಿ, ನಮ್ಮಲ್ಲಿ ಹಿರಿಯರಿಗೆ ಹಾಗನ್ನುತ್ತೇವೆ" ಎಂದಳು. ನಮ್ಮಲ್ಲಿ 'ರೀ' ಹಚ್ಚಿದ ಹಾಗೆ ಎಂದುಕೊಂಡು ದೋನ್ ಎಂದೇ ಕರೆದೆ. ಪಾರ್ಶ್ವವಾಯು ಹೊಡೆದು ಅವರ ಎಡಗೈ ಬಿದ್ದುಹೋಗಿತ್ತು. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಇಂಗ್ಲಿಷೂ ಹರಕು, ನನ್ನದೂ ಹರಕು. ಹಾಗಾಗಿ ಒಬ್ಬರ ಮಾತು ಒಬ್ಬರಿಗೆ ಚೆನ್ನಾಗಿ ತಿಳಿಯುತ್ತಿತ್ತು. ಒಂದು ದಿನ ನನ್ನ ಊಟದ ಡಬ್ಬಿಯ ಜೋಳದ ರೊಟ್ಟಿ ನೋಡಿ ಕೈ ಚಾಚಿದರು. ಶೇಂಗಾ ಚಟ್ನಿ ಹಚ್ಚಿ ಕೊಟ್ಟೆ. ಕಣ್ಣು ಮುಚ್ಚಿ ತಿಂದು, ತಮ್ಮ ಮೆಕ್ಕೆಜೋಳದ ರೊಟ್ಟಿಗಿಂತ ಇದು ಒಣ, ಆದರೆ ಹಲ್ಲಿಗೆ ಒಳ್ಳೆಯ ಕೆಲಸ ಎಂದರು. ಕೇರ್ ಪ್ಲಾನಿನಲ್ಲಿ ಜೋಳದ ರೊಟ್ಟಿ ಬರೆದಿರಲಿಲ್ಲ. ನಾನೂ ಬರೆಯಲಿಲ್ಲ.

ಒಂದು ಮಧ್ಯಾಹ್ನ ಅಪ್ಪನ ವೀಡಿಯೋ ಬಂತು. ಅಪ್ಪ ಈಗಲೂ ತಾಲೀಮಿನಲ್ಲಿ, ಎಂದರೆ ಊರಿನ ಕುಸ್ತಿ ಮನೆಯಲ್ಲಿ, ಹುಡುಗರಿಗೆ ಪಟ್ಟು ಕಲಿಸುತ್ತಾನೆ. ಕೆಂಪು ಮಣ್ಣಿನಲ್ಲಿ ಒಬ್ಬ ಹುಡುಗನ ಕಾಲು ಹಿಡಿದು ಹೇಗೆ ಕೆಡವಬೇಕು ಎಂದು ತೋರಿಸುತ್ತಿದ್ದ. ದೋನ್ ಅವರಿಗೆ ತೋರಿಸಿದೆ. ಅವರು ಮೂರು ಸಲ ನೋಡಿದರು. ನಾಲ್ಕನೆಯ ಸಲ, ಅಪ್ಪನ ಕಿವಿಯ ಹತ್ತಿರ ಬೆರಳಿಟ್ಟು ನಿಲ್ಲಿಸಿದರು. ಆಮೇಲೆ ಬೀರುವಿನ ಕೆಳಗಿನ ಡ್ರಾವರು ತೆಗೆಯಲು ಹೇಳಿದರು. ಅದರೊಳಗೆ ಒಂದು ದಿಂಬಿನ ಚೀಲ, ಚೀಲದೊಳಗೆ ಒಂದು ಮುಖವಾಡ. ನೀಲಿ ಬಟ್ಟೆ, ಕಣ್ಣಿನ ಸುತ್ತ ಬೆಳ್ಳಿ ಬಣ್ಣದ ಅಂಚು, ಹಿಂದೆ ಬೂಟಿನ ಹಾಗೆ ಲಾಡಿ ಬಿಗಿಯುವ ತೂತುಗಳು.

"ಬಡಗಿ ಅಲ್ಲ," ಎಂದರು. ಆಮೇಲೆ ನಿಧಾನಕ್ಕೆ ಹೇಳಿದರು.

ಲುಚಾ ಲಿಬ್ರೆ ಎನ್ನುವುದು ಮೆಕ್ಸಿಕೋದ ಕುಸ್ತಿ. ಹಗ್ಗ ಕಟ್ಟಿದ ಕಣದ ಮೇಲೆ ಹಾರಿ ಬಿದ್ದು ಆಡುವ ಆಟ. ಅರ್ಧ ಕುಸ್ತಿ, ಅರ್ಧ ಬಯಲಾಟ ಎನ್ನಿ. ಅಲ್ಲಿ ಮುಖವಾಡ ತೊಟ್ಟ ಪೈಲ್ವಾನನ ಮುಖ ಮನೆಯವರು ಬಿಟ್ಟರೆ ಯಾರಿಗೂ ಗೊತ್ತಿರಕೂಡದು, ಹೆಸರೂ ಗೊತ್ತಿರಕೂಡದು. ಮುಖವಾಡವನ್ನೇ ಪಣಕ್ಕಿಟ್ಟು ಆಡಿ ಸೋತರೆ ಮಾತ್ರ ಎಲ್ಲರೆದುರು ಅದನ್ನು ಬಿಚ್ಚಿ, ಹೆತ್ತವರಿಟ್ಟ ಹೆಸರು ಹೇಳಬೇಕು. ಆಮೇಲೆ ಮತ್ತೆ ತೊಡುವ ಹಾಗಿಲ್ಲ. ದೋನ್ ಒಮ್ಮೆಯೂ ಸೋತಿರಲಿಲ್ಲ. ವಯಸ್ಸಾಗಿ ಆಟ ಬಿಟ್ಟು, ಮುಖವಾಡವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಮಗಳ ಮನೆಗೆ ಬಂದಿದ್ದರು. ಅವರ ಹೆಸರಲ್ಲಿ, ಅಂದರೆ ಆ ಮುಖವಾಡದ ಹೆಸರಲ್ಲಿ, ಅಲ್ಲಿ ಗೊಂಬೆಗಳು ಬಂದಿವೆಯಂತೆ. ಇಲ್ಲಿ ಅವರು ಅಂಗಡಿಯ ಸಾಲಿನಲ್ಲಿ ಟೊಮೆಟೊ ಹಿಡಿದು ನಿಲ್ಲುವ ಒಬ್ಬ ಅಜ್ಜ.

ನಾನು ದಂಗಾಗಿ ಕೂತೆ. ನಮ್ಮ ಕುಸ್ತಿಯಲ್ಲಿ ಮುಚ್ಚುಮರೆ ಎಂಬುದೇ ಇಲ್ಲ. ಲಂಗೋಟಿ ಕಟ್ಟಿ ಮೈಗೆ ಮಣ್ಣು ಬಳಿದುಕೊಂಡು ಇಳಿದರೆ, ಮೈಕಿನಲ್ಲಿ ಹೆಸರು, ಅಪ್ಪನ ಹೆಸರು, ಊರು, ತಾಲೀಮು ಎಲ್ಲ ಕೂಗುತ್ತಾರೆ. ಗೆದ್ದವನನ್ನು ಹೆಗಲ ಮೇಲೆ ಹೊರುತ್ತಾರೆ, ಸೋತವನ ಮುಖ ಹೇಗಾಗಿದೆ ಎಂದು ನೋಡಲು ನೂಕಾಡುತ್ತಾರೆ. ಈ ಮನುಷ್ಯ ಒಂದು ಇಡೀ ದೇಶಕ್ಕೆ ಗೊತ್ತಿದ್ದೂ ಯಾರಿಗೂ ಮುಖ ಕೊಡದೆ ಬದುಕಿದ್ದರು. ಯಾರೂ ಗುರುತಿಸುವುದಿಲ್ಲ ಎಂದು ನಾನು ಬೇಸ್‌ಮೆಂಟಿನಲ್ಲಿ ಕೂತು ಅಳುತ್ತಿದ್ದೆನಲ್ಲ, ಅದನ್ನೇ ಇವರು ಆಸ್ತಿಯ ಹಾಗೆ ಕಾಪಾಡಿಕೊಂಡಿದ್ದರು. ಆ ಮುಖವನ್ನು ವಾರಕ್ಕೆ ನಾಲ್ಕು ದಿನ ಸೋಪು ಹಚ್ಚಿ ತೊಳೆಯುವವಳು ನಾನು.

ಇಲ್ಲಿಯ ಮೆಕ್ಸಿಕನ್ನರು ವರ್ಷಕ್ಕೊಮ್ಮೆ, ಅಕ್ಟೋಬರಿನ ಒಂದು ಭಾನುವಾರ, ಹಳೆಯ ದಿಗ್ಗಜರ ಗೌರವಕ್ಕೆಂದು ಲುಚಾ ಆಟ ಇಡುತ್ತಾರೆ. ಸತ್ತವರ ಮುಖವಾಡಗಳಿಗೆ ಹೂವಿಟ್ಟು, ಬದುಕಿರುವ ಒಬ್ಬರನ್ನು ಕಣಕ್ಕೆ ಹತ್ತಿಸಿ ಫಲಕ ಕೊಡುತ್ತಾರೆ. ಕಳೆದ ವರ್ಷದ ಸರದಿ ದೋನ್ ಅವರದು. ಅವರು ಮಾಡಬೇಕಾದದ್ದು ಇಷ್ಟೇ: ಪರದೆಯಿಂದ ಕಣದವರೆಗೆ ನಡೆಯಬೇಕು, ಮೂರು ಮೆಟ್ಟಿಲು ಹತ್ತಬೇಕು, ಬಲಗೈ ಎತ್ತಬೇಕು. ಆದರೆ ಮುಖವಾಡದ ಲಾಡಿ ಬಿಗಿಯಲು ಎರಡು ಕೈ ಬೇಕು. ಆಟಕ್ಕೆ ಹೊರಡುವಾಗೆಲ್ಲ ಅದನ್ನು ಬಿಗಿಯುತ್ತಿದ್ದವರು ಹೆಂಡತಿ. ಲೂಪೆ ಒಂದು ಸಲ ಕೂತು ಪ್ರಯತ್ನಿಸಿದಳು. ಎರಡನೆಯ ತೂತಿಗೆ ಬರುವಷ್ಟರಲ್ಲಿ ಅವ್ವನ ನೆನಪಾಗಿ ಬಿಕ್ಕಿಬಿಕ್ಕಿ ಅತ್ತಳು.

"ನೀನು ಕಟ್ಟು," ಎಂದರು ದೋನ್ ನನಗೆ. "ನಿನ್ನ ಕೈ ಅಳುವುದಿಲ್ಲ."

ಎರಡು ವಾರ ಅಭ್ಯಾಸ ಮಾಡಿದೆವು. ಸ್ನಾನವಾಗಿ ತಲೆ ಒಣಗಿದ ಮೇಲೆ ಮುಖವಾಡ ಏರಿಸಬೇಕು, ಕುತ್ತಿಗೆಯಿಂದ ಮೇಲಕ್ಕೆ ಒಂದೊಂದೇ ತೂತು ಬಿಗಿಯುತ್ತ ಬರಬೇಕು, ಎಲ್ಲೂ ಒಂದು ಬೆರಳು ತೂರಬಾರದು. ಅವರು ಅಪ್ಪನಿಗಿಂತ ಕಟುವಾದ ಗುರು. ಐದಾರು ಸಲ ಬಿಚ್ಚಿಸಿದರು. ಕೊನೆಗೆ ಒಂದು ದಿನ ತಲೆ ಅಲ್ಲಾಡಿಸಿ ನೋಡಿ, ತಟ್ಟಿ ನೋಡಿ, "ಸರಿ" ಎಂದರು. ಶಾಲೆಯಲ್ಲಿ ಪ್ರಶಸ್ತಿ ಬಂದಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಆಟದ ದಿನ ಬೆಳಗಿನ ಶಿಫ್ಟು ನನ್ನದೇ. ಇಲ್ಲಿಂದಾಚೆ ನಡೆದದ್ದಕ್ಕೆಲ್ಲ ನಾನೇ ಕಾರಣ, ಬಚ್ಚಿಡುವುದಿಲ್ಲ. ಮನೆಯಿಂದ ಒಂದು ಸಣ್ಣ ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ ಒಯ್ದಿದ್ದೆ. ಪೈಲ್ವಾನರು ಇಂಥ ದಿನ ಎಣ್ಣೆ ಕಾಣದ ತಲೆಯಲ್ಲಿ ಕಣಕ್ಕೆ ಹೋಗುವುದೇ? ಗಟ್ಟಿಯಾಗಿದ್ದ ಎಣ್ಣೆಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ, ನೆತ್ತಿಗೆ ತಟ್ಟಿ ತಟ್ಟಿ ಹಚ್ಚಿದೆ. ದೋನ್ ಕಣ್ಣು ಮುಚ್ಚಿ ತೂಗಾಡಿದರು. ಆಮೇಲೆ ಆ ನಾಲ್ಕು ಬಿಳಿ ಕೂದಲನ್ನು ಒಪ್ಪವಾಗಿ ಬಾಚಿದೆ. ನಮ್ಮಲ್ಲಿ ಎಣ್ಣೆ ಹಚ್ಚಿ ಬಾಚಿದ ತಲೆಯೆಂದರೆ ತಯಾರಾದ ತಲೆ. ಅದನ್ನು ತೊಳೆಯಬೇಕು ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಆಟ ಇದ್ದದ್ದು ಓಕ್‌ವಿಲ್ ಕಡೆಯ ಒಂದು ಬಾಡಿಗೆ ಹಾಲಿನಲ್ಲಿ. ಹಿಂದಿನ ದಿನ ಅಲ್ಲಿ ಪಂಜಾಬಿ ಮದುವೆಯಾಗಿತ್ತು. ಕಂಬಗಳಿಗೆ ಇನ್ನೂ ಚೆಂಡುಹೂವಿನ ಮಾಲೆಗಳಿದ್ದವು. ಮೆಕ್ಸಿಕೋದವರಿಗೂ ಅದೇ ಹೂವು ಬೇಕಂತೆ, ಹಾಗಾಗಿ ಯಾರೂ ತೆಗೆದಿರಲಿಲ್ಲ. ನನ್ನ ಶಿಫ್ಟು ಮುಗಿದಿತ್ತು. ಮನೆಯವರನ್ನೂ ಹನ್ನೊಂದು ವರ್ಷದ ಮಗಳನ್ನೂ ಕರೆದುಕೊಂಡು ಟಿಕೆಟು ಹಿಡಿದೇ ಹೋದೆ. ಮುದುಕಿಯರು, ಮುಖವಾಡ ತೊಟ್ಟ ಪುಟ್ಟ ಮಕ್ಕಳು, ಕೆಲಸದ ಬೂಟಿನಲ್ಲೇ ಬಂದ ಗಂಡಸರು, ಕೈಕೂಸು ಎತ್ತಿಕೊಂಡ ತಾಯಂದಿರು ಹಾಲಿನ ತುಂಬ ಇದ್ದರು. ನಮ್ಮವರು ಸುತ್ತ ನೋಡಿ, "ಇಷ್ಟ್ ಮಂದಿ ಎಲ್ಲಿ ಅಡಗಿದ್ರು ಇವ್ರು? ಡೇಲಿ ಫೋರ್-ಓ-ವನ್ ಹೈವೇದಾಗ ಒಬ್ರೂ ಕಾಣೂದಿಲ್ಲ," ಎಂದರು.

"ಅಪ್ಪಾ, ದೇ ಲಿವ್ ಹಿಯರ್," ಎಂದಳು ಮಗಳು.

ಪರದೆಯ ಹಿಂದೆ ನಾನು ಲಾಡಿ ಬಿಗಿದೆ. ಬೆರಳು ಸ್ವಲ್ಪ ಜಾರಿತು. ಗಾಬರಿಗೆ ಕೈ ಬೆವರಿದೆ ಎಂದುಕೊಂಡೆ. ಮೈಕಿನಲ್ಲಿ ಆ ಮುಖವಾಡದ ಹೆಸರು ಕೂಗಿದರು. ಇಡೀ ಹಾಲು ಎದ್ದು ನಿಂತಿತು. ನಾನು ಓಡಿ ಬಂದು ಲೂಪೆಯ ಪಕ್ಕ, ಕಣದ ಕೆಳಗೆ ನಿಂತೆ. ದಿನಾ ನನ್ನ ಭುಜ ಹಿಡಿದು ಬಚ್ಚಲಿಗೆ ಬರುವ ಮನುಷ್ಯ ಅಂದು ಯಾರನ್ನೂ ಹಿಡಿಯದೆ ನಡೆದರು. ಮೂರು ಮೆಟ್ಟಿಲು ಹತ್ತಲು ಬಹಳ ಹೊತ್ತು ಹಿಡಿಯಿತು; ಅಷ್ಟೂ ಹೊತ್ತು ಯಾರೂ ಚಪ್ಪಾಳೆ ನಿಲ್ಲಿಸಲಿಲ್ಲ. ಕಣದಲ್ಲಿ ಎಂಟು ಜನ ಎಳೆಯ ಪೈಲ್ವಾನರು, ಎಲ್ಲ ಮುಖವಾಡದವರು, ಸಾಲಾಗಿ ನಿಂತು ತಲೆ ಬಾಗಿಸಿದರು. ದೋನ್ ಬಲಗೈ ಎತ್ತಿದರು.

ಸಾಲಿನ ಕೊನೆಯ ಪೈಲ್ವಾನನಿಗೆ ತಡೆಯಲಾಗಲಿಲ್ಲ, ಬಂದು ಗಟ್ಟಿಯಾಗಿ ಅಪ್ಪಿಕೊಂಡ. ಅವನು ಬಿಟ್ಟು ಹಿಂದೆ ಸರಿಯುವಾಗ ದೋನ್ ಅವರ ಮುಖವಾಡವೂ ಅವನ ಜೊತೆ ಹೊರಟಿತು. ಎಣ್ಣೆ ತಲೆಯ ಮೇಲೆ ಅದು ಸರಕ್ಕನೆ ತಿರುಗಿ, ಕಣ್ಣಿನ ತೂತು ಕಿವಿಯ ಕಡೆ ಹೋಯಿತು, ಗಲ್ಲ ಬಯಲಾಯಿತು. ದೋನ್ ಅವರಿಗೆ ಏನೂ ಕಾಣುತ್ತಿರಲಿಲ್ಲ. ಬಲಗೈಯಲ್ಲಿ ಬಟ್ಟೆಯನ್ನು ಮುಖಕ್ಕೆ ಅವುಚಿ ಹಿಡಿದರು. ಎಡಗೈ ಎತ್ತಲು ಒದ್ದಾಡಿದರು, ಅದು ಏಳಲಿಲ್ಲ. ಲಾಡಿ ಸಡಿಲವಾಗಿ ಬೆನ್ನ ಮೇಲೆ ಇಳಿದಿತ್ತು. ಕೈ ಒಂದಿಷ್ಟು ಸೋತರೆ ಅಷ್ಟು ವರ್ಷದ ಮುಖ ಅಷ್ಟೂ ಫೋನುಗಳ ಮುಂದೆ ಬಿದ್ದುಹೋಗುತ್ತಿತ್ತು.

ಕೊಬ್ಬರಿ ಎಣ್ಣೆಯ ವಾಸನೆ ನನ್ನ ಅಂಗೈಯಲ್ಲೇ ಇತ್ತು. ಭೂಮಿ ಬಾಯಿ ಬಿಡಬಾರದೇ ಎನಿಸಿತು.

"ಹೋಗು," ಎಂದು ಲೂಪೆ ನನ್ನ ಬೆನ್ನು ದಬ್ಬಿದಳು.

ನಮ್ಮೂರಿನ ತಾಲೀಮಿನ ಹೊಸ್ತಿಲನ್ನು ನಾನು ಒಮ್ಮೆಯೂ ದಾಟಿದವಳಲ್ಲ. ಪೈಲ್ವಾನರ ಮಗಳಾದರೂ ಹೆಣ್ಣುಮಕ್ಕಳಿಗೆ ಅಲ್ಲಿ ಪ್ರವೇಶವಿಲ್ಲ. ಅಪ್ಪನ ಬುತ್ತಿಯನ್ನು ಬಾಗಿಲಲ್ಲಿಟ್ಟು ಬರುತ್ತಿದ್ದೆ. ಆ ಮೂರು ಮೆಟ್ಟಿಲ ಮುಂದೆ ನನ್ನ ಕಾಲು ತಾನಾಗಿ ನಿಂತಿತು. ಬೂಟು ಕಳಚಿದೆ. ಕಣದ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡು ಹಗ್ಗದ ನಡುವೆ ತೂರಿದೆ. ಬಟ್ಟೆಯನ್ನು ಅಲ್ಲಲ್ಲೇ ಎಳೆದು ಸರಿ ಮಾಡುವ ಹಾಗಿರಲಿಲ್ಲ. ಪೂರ್ತಿ ತೆಗೆದು, ತಲೆ ಒರೆಸಿ, ಮೊದಲಿಂದ ಬಿಗಿಯಬೇಕಿತ್ತು. ಅವರ ಕಿವಿಯ ಹತ್ತಿರ ಹಾಗೆಂದು ಹೇಳಿದೆ. ಅವರು ಬಟ್ಟೆಯನ್ನು ಇನ್ನಷ್ಟು ಗಟ್ಟಿಯಾಗಿ ಅವುಚಿಕೊಂಡರು.

ಆಗ ಮುಂದಿನ ಸಾಲಿನ ಒಬ್ಬ ಮುದುಕಿ ಎದ್ದಳು. ಕೋಲೂರಿಕೊಂಡು ನಿಧಾನಕ್ಕೆ ತಿರುಗಿ, ಕಣಕ್ಕೆ ಬೆನ್ನು ಮಾಡಿ ನಿಂತಳು. ಅವಳ ಪಕ್ಕದವನು ತಿರುಗಿದ. ಆ ಸಾಲು ತಿರುಗಿತು, ಹಿಂದಿನ ಸಾಲು ತಿರುಗಿತು. ಮೈಕು ಹಿಡಿದವನು ತಿರುಗಿದ. ಯಾರೂ ಯಾರಿಗೂ ಹೇಳಲಿಲ್ಲ. ಫೋನುಗಳೆಲ್ಲ ಕೆಳಗಿಳಿದವು. ತಾಯಂದಿರು ಮಕ್ಕಳ ಕಣ್ಣಿಗೆ ಅಂಗೈ ಮುಚ್ಚಿದರು. ಕಣದ ಮೇಲಿನ ಎಂಟು ಪೈಲ್ವಾನರು ನಮ್ಮಿಬ್ಬರ ಸುತ್ತ ವೃತ್ತವಾಗಿ, ಮುಖ ಹೊರಗೆ ಮಾಡಿ, ಕೈ ಕೈ ಹಿಡಿದು ನಿಂತರು. ನಮ್ಮವರು ಮಾತ್ರ ಬಾಯಿ ತೆರೆದು ಇತ್ತಲೇ ನೋಡುತ್ತಿದ್ದರು. ಮಗಳು ಅವರ ಭುಜ ಹಿಡಿದು ತಿರುಗಿಸಿದಳು.

ಅಷ್ಟು ದೊಡ್ಡ ಹಾಲು, ಬರೀ ಬೆನ್ನುಗಳು. ಒಂದು ಕೂಸು ಅತ್ತು ಸುಮ್ಮನಾಯಿತು. ಜನ ಒಬ್ಬ ದೊಡ್ಡ ಮನುಷ್ಯನನ್ನು ನೋಡಲು ಮುಗಿಬೀಳುವುದನ್ನು ಕಂಡು ಬೆಳೆದವಳು ನಾನು. ನೋಡದೆ ಇರುವುದೂ ಒಂದು ದೊಡ್ಡ ಗೌರವ ಎಂದು ನನಗೆ ಯಾರೂ ಹೇಳಿರಲಿಲ್ಲ.

ಮುಖವಾಡ ತೆಗೆದೆ. ಕಣ್ಣೀರು ಮೀಸೆಯವರೆಗೆ ಇಳಿದಿತ್ತು. ನನ್ನ ದುಪಟ್ಟಾದಿಂದ ನೆತ್ತಿ, ಹಣೆ, ಆ ಕಿವಿಗಳು, ಎಲ್ಲ ಗಸಗಸ ಒರೆಸಿದೆ. "ತಪ್ಪಾಯಿತು ದೋನ್, ಎಣ್ಣೆ ಹಚ್ಚಬಾರದಿತ್ತು," ಎಂದೆ.

"ಎಣ್ಣೆ ಚೆನ್ನಾಗಿತ್ತು," ಎಂದರು ಮೆಲ್ಲಗೆ. "ಬಿಗಿಯಾಗಿ ಕಟ್ಟು."

ಕುತ್ತಿಗೆಯಿಂದ ಮೇಲಕ್ಕೆ, ಒಂದೊಂದೇ ತೂತು. ಅವಸರ ಮಾಡಲಿಲ್ಲ. ಯಾರೂ ಕೆಮ್ಮಲಿಲ್ಲ, ಯಾರೂ ಹಿಂದೆ ಹೊರಳಿ ನೋಡಲಿಲ್ಲ. ಕೊನೆಯ ಗಂಟು ಹಾಕಿ ಬೆರಳು ತೂರಿಸಿ ನೋಡಿದೆ, ತೂರಲಿಲ್ಲ. ನಾನು ಆಯಿತು ಎಂದರೂ ಜನ ತಿರುಗಲಿಲ್ಲ. ಅವರು ಕಾಯುತ್ತಿದ್ದದ್ದು ನನ್ನ ಮಾತಿಗಲ್ಲ. ದೋನ್ ಬಲಗಾಲು ಎತ್ತಿ ಕಣದ ಹಲಗೆಗೆ ಒಮ್ಮೆ ದಬ್ ಎಂದು ಬಡಿದರು. ಆಗ ಎಲ್ಲರೂ ತಿರುಗಿದರು, ಆ ಮುಖವಾಡದ ಹೆಸರನ್ನು ಕೂಗಿದರು. ಆ ಸದ್ದಿಗೆ ನನ್ನ ಎದೆಯೊಳಗೆ ನಗಾರಿ ಬಾರಿಸಿದ ಹಾಗಾಯಿತು. ನಾನು ಬೂಟು ಹುಡುಕುತ್ತ ಕೆಳಗಿಳಿದಾಗ ಕೋಲಿನ ಮುದುಕಿ ನನ್ನ ಎಣ್ಣೆ ಕೈ ಹಿಡಿದು, ಏನೋ ಹೇಳಿ, ಹಣೆಗೆ ಮುತ್ತಿಟ್ಟಳು. ಲೂಪೆಗೆ ಅದೇನೆಂದು ಕೇಳಿದೆ. "ಇನ್ನು ನೀನೂ ಮನೆಯವಳು, ಬಾಯಿ ಜೋಪಾನ, ಅಂದಳು," ಎಂದಳು ಲೂಪೆ.

ಇದನ್ನು ಓದುತ್ತಿರುವ ಊರಿನವರಲ್ಲಿ ಇಲ್ಲೊಂದು ತಪ್ಪೊಪ್ಪಿಗೆ. ಪಿಕರಿಂಗ್ ಎಂದು ಬರೆದಿದ್ದೇನೆ, ಅದು ಪಿಕರಿಂಗ್ ಅಲ್ಲ. ಮಗಳ ಹೆಸರು ಲೂಪೆಯಲ್ಲ, ಮುಖವಾಡ ನೀಲಿಯದಲ್ಲ, ಹಾಲು ಇದ್ದದ್ದು ಆ ದಿಕ್ಕಿನಲ್ಲೂ ಅಲ್ಲ. ಕಿವಿಗಳು ನಿಜ, ಬೆನ್ನುಗಳು ನಿಜ. ಇಷ್ಟು ವರ್ಷ ಇಲ್ಲಿಯ ಹಿಮ, ಇಲ್ಲಿಯ ಸೊಪ್ಪಿನ ರುಚಿ, ಬೇಸ್‌ಮೆಂಟಿನ ಅಳು ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ನಿಮಗೆ ಬರೆದವಳು ನಾನು. ನಿಮ್ಮಿಂದ ಮುಚ್ಚಿಟ್ಟದ್ದು ಇದೇ ಮೊದಲು.

ಮರುದಿನ ಬೆಳಿಗ್ಗೆ ಬಸ್ ಸ್ಟಾಪಿನಿಂದ ಅಪ್ಪನಿಗೆ ಫೋನು ಮಾಡಿದೆ. ಅಲ್ಲಿ ಸಂಜೆ, ತಾಲೀಮಿನ ಹೊತ್ತು. ಹುಡುಗರು ತೊಡೆ ತಟ್ಟುವ ಸದ್ದು ಕೇಳುತ್ತಿತ್ತು. ಎಲ್ಲ ಹೇಳಿದೆ. ಎಣ್ಣೆಯ ಮಾತಿಗೆ ಅಪ್ಪ ಬಿದ್ದು ಬಿದ್ದು ನಕ್ಕ. ಬೆನ್ನುಗಳ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡ. ಆಮೇಲೆ, ಯಾವ ಪೈಲ್ವಾನನಾದರೂ ಕೇಳುವುದನ್ನೇ ಕೇಳಿದ.

"ಹೆಸರೇನವಾ ಅವರ್ದು?"

"ಅದ ಹೇಳಾಕ ಬರೂದಿಲ್ಲಪ್ಪಾ."

"ನನಗೂ?"

"ನಿನಗೂ."

ಬಸ್ಸು ಬಂದು ನಿಂತಿತು, ನಾನು ಹತ್ತಲಿಲ್ಲ. ಹುಟ್ಟಿದಾಗಿನಿಂದ ಅಪ್ಪನಿಗೆ ಇಲ್ಲ ಎಂದವಳಲ್ಲ.

"ಬರೋಬರಿ ಐತಿ," ಎಂದ ಅಪ್ಪ ಕೊನೆಗೆ. "ತಾಲೀಮಿನ ಮಾತು ಹೊರಗಿನವರ ಮುಂದ ಆಡಬಾರದು."

ಹೊರಗಿನವರು ಎಂದು ಅಪ್ಪ ಹೇಳಿದ್ದು ತನ್ನನ್ನೇ. ಅವನ ದನಿಯಲ್ಲಿ ಬೇಸರವಿರಲಿಲ್ಲ, ಹೆಮ್ಮೆಯಿತ್ತು. ಅದಕ್ಕೇ ನನಗೆ ತಡೆಯಲಾಗಲಿಲ್ಲ. ಇವರು ನನ್ನನ್ನು ಒಳಗೆ ಬಿಟ್ಟುಕೊಂಡರಲ್ಲ ಎಂದು ಅತ್ತೆನೋ, ಅಪ್ಪನನ್ನು ಬಾಗಿಲಾಚೆ ನಿಲ್ಲಿಸಿದೆನಲ್ಲ ಎಂದು ಅತ್ತೆನೋ, ಇವತ್ತಿಗೂ ನನಗೆ ತಿಳಿದಿಲ್ಲ.